ಲ್ಯಾಬಿನ ಬಾಗಿಲಲ್ಲಿ ಟಿಕೆಟ್ ಅತ್ತೆ

ಟಿಕೆಟ್ ಅತ್ತೆಗೆ ಯಾರಾದರೂ ನಗುನಗುತ್ತಾ ನಮಸ್ಕಾರ ಹೇಳಿದರೆ ಸಾಕು, ಇವನಿಗೆ ಏನೋ ಬೇಕಾಗಿದೆ ಎಂದು ಅವರ ಎಡಗಣ್ಣು ಸಣ್ಣಗಾಗುತ್ತಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ಆಯಸ್ಸಿನ ಅರ್ಧಕ್ಕೂ ಹೆಚ್ಚು ಪಾಲು ರೈಲುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಹೆಂಗಸು ಅವರು. ನಿದ್ದೆಯ ನಾಟಕ ಆಡುವವನ ರೆಪ್ಪೆ ಅದುರುವುದನ್ನು ಬೋಗಿಯ ಆ ತುದಿಯಿಂದಲೇ ಕಂಡುಹಿಡಿಯುತ್ತಿದ್ದರು. ‘ಟಿಕೆಟ್ ಇಲ್ಲೇ ಎಲ್ಲೋ ಇದೆ ಮೇಡಂ’ ಎಂದು ಚೀಲ ತಡಕಾಡುವವರ ಚೀಲವನ್ನು ತಾವೇ ಇಸಿದುಕೊಂಡು, ಸೀಟಿನ ಮೇಲೆ ಬೋರಲು ಸುರಿದು, ಒಂದೊಂದನ್ನೇ ಎತ್ತಿ ನೋಡುತ್ತಿದ್ದರು. ಅವರ ಲೆಕ್ಕದಲ್ಲಿ ನಗುವವನು ಕಳ್ಳ, ನಗದೆ ಕೂತವನು ಇನ್ನೂ ಪಳಗಿದ ಕಳ್ಳ. ಇನ್ನು ಪ್ರಾಮಾಣಿಕ ಯಾರಪ್ಪಾ ಅಂದರೆ, ದಂಡ ಕಟ್ಟಿ ರಸೀದಿ ಇಟ್ಟುಕೊಂಡವನು!

ಕೆಲಸದಿಂದ ನಿವೃತ್ತರಾದರು, ಕಣ್ಣು ನಿವೃತ್ತವಾಗಲಿಲ್ಲ. ಹಾಲಿನವನು ಬೇಗ ಬಂದರೆ ‘ಏನೋ ಇದೆ’, ತಡವಾಗಿ ಬಂದರೆ ‘ಇದ್ದೇ ಇದೆ’. ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದರೆ ಕೊಡುತ್ತಿದ್ದರು, ಕೊಟ್ಟ ಮೇಲೆ ನಡುಗೋಡೆಗೆ ಕಿವಿ ಹಚ್ಚಿ ಅಲ್ಲಿ ನಿಜವಾಗಿಯೂ ಚಹಾ ಕುದಿಯುತ್ತಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರು. ಡಾಕ್ಟರು ‘ಗಟ್ಟಿಮುಟ್ಟಾಗಿದ್ದೀರಮ್ಮ’ ಅಂದದ್ದಕ್ಕೆ, ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋದರು. ಹೀಗಿದ್ದರೆ ನೆಂಟರಿಷ್ಟರು ಉಳಿಯುತ್ತಾರೆಯೇ? ಒಬ್ಬೊಬ್ಬರಾಗಿ ದೂರವಾದರು. ದೂರವಾದದ್ದಕ್ಕೂ ಅತ್ತೆ ಒಂದು ಒಳಕಾರಣ ಹುಡುಕಿಟ್ಟುಕೊಂಡಿದ್ದರು.

ಅವರ ಸಂಶಯದ ಬಲೆಗೆ ಬೀಳದ ಮನುಷ್ಯ ಭೂಮಿಯ ಮೇಲೆ ಒಬ್ಬನೇ, ಅಣ್ಣನ ಮಗ. ತಾಯಿಯಿಲ್ಲದ ಮಗು. ಅತ್ತೆಯೇ ಎತ್ತಿ ಆಡಿಸಿ, ಕೈತುತ್ತು ಕೊಟ್ಟು, ರೈಲ್ವೆ ಕ್ವಾರ್ಟರ್ಸಿನ ಒಂದೂವರೆ ಕೋಣೆಯಲ್ಲಿ ಓದಿಸಿ ಮನುಷ್ಯನನ್ನಾಗಿ ಮಾಡಿದ್ದರು. ಅವನೀಗ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥ. ಹುಡುಗರ ಬಾಯಲ್ಲಿ ‘ಹೆಡ್ಡು’.

ಒಂದು ಭಾನುವಾರ ಆ ಹೆಡ್ಡು ಅತ್ತೆಯ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ತಲೆ ಮೇಲೆ ಕೈ ಹೊತ್ತ.

“ಮಕ್ಕಳು ನಿಲ್ತಾ ಇಲ್ಲ ಅತ್ತೆ.”

“ಎಲ್ಲಿ ನಿಲ್ತಾ ಇಲ್ಲ?”

“ವಿಜ್ಞಾನದಲ್ಲಿ. ಬರೋವಾಗ ಬರ್ತಾರೆ. ಶಾಲೆ ಶಾಲೆಗೆ ಹೋಗಿ ಭಾಷಣ ಮಾಡ್ತೀವಿ, ದೂರದರ್ಶಕದಲ್ಲಿ ಚಂದ್ರನ್ನ ತೋರಿಸ್ತೀವಿ, ಪುಕ್ಕಟೆ ಟೀ ಶರ್ಟ್ ಕೊಡ್ತೀವಿ. ಕ್ಲಾಸ್ ತುಂಬಾ ಸೇರ್ಕೋತಾರೆ. ಅರ್ಧ ವರ್ಷ ಕಳೆಯೋ ಹೊತ್ತಿಗೆ ಅರ್ಧ ಬೆಂಚು ಖಾಲಿ. ಒಬ್ಬ ಲೆಕ್ಕಪತ್ರ ಓದೋಕೆ ಹೋದ, ಇನ್ನೊಬ್ಬಳು ಹೋಟೆಲ್ ನಡೆಸೋದು ಕಲಿಯೋಕೆ ಹೋದ್ಲು. ಯಾಕಮ್ಮಾ ಅಂದ್ರೆ ಸುಮ್ನೆ ನಕ್ಕು ಹೋಗ್ತಾರೆ.”

“ನಕ್ಕು ಹೋಗ್ತಾರಾ?” ಅತ್ತೆಯ ಎಡಗಣ್ಣು ಸಣ್ಣಗಾಯಿತು.

ವಿಷಯ ಇಷ್ಟೇ ಆಗಿರಲಿಲ್ಲ. ವರ್ಷದ ಕೊನೆಗೆ ಮೊದಲನೇ ವರ್ಷದಲ್ಲಿ ಇಪ್ಪತ್ತು ಜನರಾದರೂ ಉಳಿಯದಿದ್ದರೆ ಭೌತವಿಜ್ಞಾನದ ಕೋರ್ಸನ್ನೇ ಮುಚ್ಚುತ್ತೇವೆ ಎಂದು ಮೇಲಿನವರು ಬೋರ್ಡಿಗೇ ನೋಟಿಸು ಅಂಟಿಸಿಬಿಟ್ಟಿದ್ದರು. ಆಗ ಉಳಿದಿದ್ದವರು ಇಪ್ಪತ್ತೆರಡು. ಮುಚ್ಚಿದರೆ ಇವನನ್ನು ಇನ್ನಾವುದೋ ವಿಭಾಗಕ್ಕೆ ದೂಡುತ್ತಾರೆ, ಲ್ಯಾಬಿಗೆ ಬೀಗ ಬೀಳುತ್ತದೆ.

“ಯಾರೋ ಎಳ್ಕೊಂಡು ಹೋಗ್ತಿದ್ದಾರೆ ಕಣೋ,” ಅಂದರು ಅತ್ತೆ. “ತಾನಾಗೇ ಯಾರೂ ಇಳಿದು ಹೋಗಲ್ಲ. ದುಡ್ಡು ಕೊಟ್ಟು ಹತ್ತಿದವನು ಊರು ಬರೋ ಮುಂಚೆ ಯಾಕೆ ಇಳೀತಾನೆ?”

“ಅದಕ್ಕೇ ಬಂದೆ. ನಿನ್ನ ಕಣ್ಣು ಬೇಕು ನಂಗೆ. ವಿದ್ಯಾರ್ಥಿಗಳ ಯೋಗಕ್ಷೇಮ ನೋಡ್ಕೊಳ್ಳೋಕೆ ಅಂತ ಒಬ್ಬರನ್ನ ಇಟ್ಕೋಬಹುದು. ಬಂದು ಕೂತ್ಕೋ. ಯಾರು, ಯಾಕೆ ಅಂತ ಕಂಡುಹಿಡಿ.”

ಯೋಗಕ್ಷೇಮ ಎಂಬ ಪದ ಅತ್ತೆಯ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಕಂಡುಹಿಡಿ ಎಂಬುದು ಮಾತ್ರ ಒಳಗೆ ಇಳಿಯಿತು. ಮರುದಿನವೇ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೆಗಲಿಗೆ ಕಪ್ಪು ಚರ್ಮದ ಚೀಲ ಹಾಕಿಕೊಂಡು ಹೊರಟೇಬಿಟ್ಟರು. ಲ್ಯಾಬಿನ ಬಾಗಿಲ ಪಕ್ಕ ಒಂದು ಎತ್ತರದ ಸ್ಟೂಲು ಹಾಕಿಸಿಕೊಂಡರು. ಅಲ್ಲಿಂದ ಒಳಗಿನ ಮೇಜುಗಳೂ ಕಾಣುತ್ತಿದ್ದವು, ಹೊರಗಿನ ಕಾರಿಡಾರೂ ಕಾಣುತ್ತಿತ್ತು, ಕಿಟಕಿಯಾಚೆ ರಸ್ತೆ ದಾಟಿದರೆ ಸಿಗುವ ಜೆರಾಕ್ಸ್ ಅಂಗಡಿಯೂ ಕಾಣುತ್ತಿತ್ತು. ಮಕ್ಕಳು ಎದುರಿಗೆ ‘ಅಜ್ಜಿ’ ಅಂದರು, ಬೆನ್ನ ಹಿಂದೆ ‘ಟಿಕೆಟ್ ಅಜ್ಜಿ’ ಅಂದರು. ಎರಡೂ ಅತ್ತೆಗೆ ಕೇಳಿಸುತ್ತಿತ್ತು.

ಮೊದಲು ಸಂಶಯ ಬಿದ್ದದ್ದು ಲ್ಯಾಬಿನ ಅಟೆಂಡರ್ ಮೇಲೆ. ಆ ಮನುಷ್ಯ ಹುಡುಗರನ್ನು ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದ. ಇವನೇ ಮಕ್ಕಳ ಮನಸ್ಸು ಕೆಡಿಸುತ್ತಿದ್ದಾನೆ ಎಂದು ಅತ್ತೆ ಅವನನ್ನು ಮೂಲೆಗೆ ಕರೆದು ನೀರು ಕುಡಿಸಿದರು. ಪಾಪ, ಅವನಿಗೆ ಇದ್ದದ್ದು ಮಂಡಿನೋವು. ಆಮೇಲೆ ಹೊಸದಾಗಿ ಸೇರಿದ ಮೇಷ್ಟರ ಮೇಲೆ. ಅವನು ಪದೇ ಪದೇ ಫೋನು ಹಿಡಿದು ಮೆಟ್ಟಿಲ ಕೆಳಗೆ ಹೋಗುತ್ತಿದ್ದ. ಅತ್ತೆ ಸದ್ದಿಲ್ಲದೆ ಹಿಂದೆ ಹೋಗಿ ನಿಂತರೆ, ಅವನು ಆ ಕಡೆಯವಳಿಗೆ ‘ನಿನ್ನಾಣೆ, ಊಟ ಮಾಡಿದೆ ಕಣೇ’ ಅನ್ನುತ್ತಿದ್ದ. ಥೂ ಎಂದು ಮೂಗು ಮುರಿದು ಹತ್ತಿ ಬಂದರು.

ಲ್ಯಾಬಿನೊಳಗೆ ಒಂದು ಪದ್ಧತಿಯಿತ್ತು. ಹೆಡ್ಡಿನ ಗುರುಗಳ ಗುರುಗಳ ಕಾಲದಿಂದ ಬಂದದ್ದಂತೆ. ಪ್ರಾಕ್ಟಿಕಲ್ ಮುಗಿದ ಮೇಲೆ ಪ್ರತಿಯೊಬ್ಬರೂ ಎದ್ದು ನಿಂತು ತಮಗೆ ಬಂದ ಉತ್ತರವನ್ನು ಗಟ್ಟಿಯಾಗಿ ಒಪ್ಪಿಸಬೇಕು. ದಾರದ ಲೋಲಕ ತೂಗಾಡಿಸುವುದಾಗಲಿ, ಸ್ಪ್ರಿಂಗ್ ಕುಣಿಸುವುದಾಗಲಿ, ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಸ್ಟಾಪ್‌ವಾಚಿನಲ್ಲಿ ಅಳೆದು, ಭೂಮಿಯ ಸೆಳೆತ ಎಷ್ಟು ಎಂದು ಲೆಕ್ಕ ಹಾಕಿ, ನಿಂತು ಹೇಳಬೇಕು. ಉತ್ತರ ಪುಸ್ತಕದಲ್ಲಿರುವಂತೆ ಬಂದರೆ ಹೆಡ್ಡು ತಲೆಯೆತ್ತದೆ ‘ಕೂತ್ಕೋ’ ಅನ್ನುತ್ತಿದ್ದ. ಬರದಿದ್ದರೆ ‘ಮತ್ತೆ’. ಅಂದರೆ ಎಲ್ಲರೂ ಮನೆಗೆ ಹೋದ ಮೇಲೂ ನಿಂತು ಮೊದಲಿನಿಂದ ಮಾಡಬೇಕು.

“ಒಂಬತ್ತು ಪಾಯಿಂಟ್ ಎಂಟು ಸರ್.”

“ಕೂತ್ಕೋ.”

“ಒಂಬತ್ತು ಪಾಯಿಂಟ್ ಎಂಟು ಸರ್.”

“ಕೂತ್ಕೋ.”

ಸಾಲಾಗಿ ಎಲ್ಲರದೂ ಒಂದೇ. ಅತ್ತೆ ಸ್ಟೂಲಿನ ಮೇಲೆ ಕೂತು ಹಿಗ್ಗಿ ಹೀರೇಕಾಯಿಯಾದರು. ಆಹಾ, ನನ್ನ ಹುಡುಗ ಎಷ್ಟು ಚೆನ್ನಾಗಿ ಕಲಿಸಿದ್ದಾನೆ, ಒಬ್ಬರದೂ ತಪ್ಪಿಲ್ಲವಲ್ಲ! ಏನು ಹೇಳೋಣ ಹೇಳಿ ಇದಕ್ಕೆ? ಇಡೀ ಬೋಗಿಯಲ್ಲಿ ಒಬ್ಬರ ಟಿಕೆಟಿನಲ್ಲೂ ಚೂರು ಐಬಿಲ್ಲ ಎಂದಾಗಿದ್ದರೆ ಇದೇ ಹೆಂಗಸು ಎರಡೂ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸುತ್ತಿತ್ತು. ಆದರೆ ಇದು ಅಣ್ಣನ ಮಗನ ಬೋಗಿ. ಇಲ್ಲಿ ಆ ಹದ್ದಿನ ಕಣ್ಣಿಗೆ ಪೊರೆ ಬಂದುಬಿಟ್ಟಿತು.

ತಪ್ಪುತ್ತಿದ್ದವಳು ಒಬ್ಬಳೇ, ನಾಲ್ಕನೇ ಮೇಜಿನ ಹುಡುಗಿ.

“ಹತ್ತು ಪಾಯಿಂಟ್ ಒಂದು ಸರ್.”

“ಮತ್ತೆ.”

ವಾರ ವಾರವೂ ಅವಳದು ಹೀಗೇ. ಸ್ನೇಹಿತರು ಅವಳಿಗೆ ‘ಮತ್ತೆ’ ಎಂದೇ ಅಡ್ಡಹೆಸರಿಟ್ಟಿದ್ದರು. ಸಣಕಲು ಹುಡುಗಿ, ಎಣ್ಣೆ ಹಾಕಿ ಬಿಗಿದ ಜಡೆ, ಮಾತು ಕಡಿಮೆ. ‘ಮತ್ತೆ’ ಅಂದಾಗ ಅಳುತ್ತಲೂ ಇರಲಿಲ್ಲ, ವಾದಿಸುತ್ತಲೂ ಇರಲಿಲ್ಲ. ಎಲ್ಲರೂ ಹೋದ ಮೇಲೆ ದಾರ ಕಟ್ಟಿ, ಗುಂಡು ಬಿಟ್ಟು, ಎಣಿಸುತ್ತಾ ನಿಲ್ಲುತ್ತಿದ್ದಳು. ಆಮೇಲೆ ನೇರ ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಹೋಗಿ, ಹಿಂದಿನ ಪರದೆ ಸರಿಸಿ ಒಳಗೆ ಮಾಯವಾಗುತ್ತಿದ್ದಳು.

ಅತ್ತೆಯ ಕಿವಿ ನೆಟ್ಟಗಾದದ್ದು ಆ ಪರದೆಯನ್ನು ನೋಡಿ. ಜೆರಾಕ್ಸ್ ಅಂಗಡಿಯ ಗಾಜಿಗೆ ‘ಮೂರೇ ತಿಂಗಳಲ್ಲಿ ಕೆಲಸ ಗ್ಯಾರಂಟಿ’ ಎಂಬ ಬೇರೆ ಕಾಲೇಜುಗಳ ಪೋಸ್ಟರುಗಳನ್ನು ಅಂಟಿಸಿದ್ದರು. ಅಂಗಡಿಯವನು ದಪ್ಪ ಮೀಸೆಯ ಮನುಷ್ಯ, ಹೋಗಿಬರುವ ಹುಡುಗರನ್ನೆಲ್ಲ ‘ಏನಪ್ಪಾ, ಏನಮ್ಮಾ’ ಎಂದು ನಗುತ್ತಾ ಮಾತಾಡಿಸುತ್ತಿದ್ದ. ನಗುತ್ತಾ! ಆ ವಾರದಲ್ಲೇ ಲ್ಯಾಬಿನ ಇಬ್ಬರು ಹುಡುಗರು ಅದೇ ಅಂಗಡಿಯ ಮೆಟ್ಟಿಲ ಮೇಲೆ ನಾಲ್ಕನೇ ಮೇಜಿನ ಹುಡುಗಿಯ ಜೊತೆ ತಲೆಗೆ ತಲೆ ಹಚ್ಚಿ ಪಿಸುಗುಟ್ಟಿದ್ದನ್ನು ಅತ್ತೆ ಕಿಟಕಿಯಿಂದ ಕಂಡರು. ಮುಂದಿನ ವಾರ ಆ ಇಬ್ಬರೂ ಕೋರ್ಸು ಬಿಟ್ಟರು. ಉಳಿದವರು ಸರಿಯಾಗಿ ಇಪ್ಪತ್ತು.

“ಸಿಕ್ಕಿಬಿದ್ಲು,” ಅಂದರು ಅತ್ತೆ, ಹೆಡ್ಡಿನ ಕೋಣೆಗೆ ನುಗ್ಗಿ.

“ಯಾರು?”

“ಆ ‘ಮತ್ತೆ’ ಹುಡುಗಿ. ಕಲಿಯೋಕೆ ಬಂದೋಳಾಗಿದ್ರೆ ಇಷ್ಟು ಹೊತ್ತಿಗೆ ಒಂದು ಸಲನಾದ್ರೂ ಸರಿ ಬರ್ತಿರಲಿಲ್ವೇನೋ? ಇವಳು ಒಳಗಿದ್ಕೊಂಡು ಒಬ್ಬೊಬ್ಬರನ್ನೇ ಜಾರಿಸ್ತಾ ಇದ್ದಾಳೆ. ಆ ಮೀಸೆಯವನು ಕಮಿಷನ್ ಏಜೆಂಟು, ಇವಳು ಅವನ ಕೈಗೊಂಬೆ. ಬರೆದಿಟ್ಕೋ.”

ಹೆಡ್ಡು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡ. “ನೋಡು ಅತ್ತೆ, ನಿಂಗೆ ಹೇಗೆ ತೋಚುತ್ತೋ ಹಾಗೆ,” ಅಂದ.

ಅಷ್ಟು ಸಾಕಾಯಿತು. ಮಾರನೆಯ ದಿನ ಪ್ರಾಕ್ಟಿಕಲ್ ಮುಗಿದು ಎಲ್ಲರೂ ಹೊರಗೆ ಬರುವ ಹೊತ್ತು. ಕಾರಿಡಾರಿನ ತುಂಬಾ ಮಕ್ಕಳು. ಅತ್ತೆ ಸ್ಟೂಲಿನಿಂದ ಇಳಿದು ಹುಡುಗಿಗೆ ಅಡ್ಡ ನಿಂತರು.

“ಚೀಲ ತೆಗಿ.”

“ಯಾಕಜ್ಜಿ?”

“ಯಾಕೆ ಅಂತ ಚೀಲ ಹೇಳುತ್ತೆ. ತೆಗಿ.”

ಹುಡುಗಿ ಚೀಲವನ್ನು ಎದೆಗೆ ಅವುಚಿಕೊಂಡಳು. ಅವುಚಿಕೊಂಡದ್ದೇ ತಪ್ಪಾಯಿತು. ಅತ್ತೆಯ ಕೈ ತಾನಾಗಿಯೇ ಮುಂದೆ ಹೋಗಿ, ಚೀಲವನ್ನು ಕಿತ್ತು, ಸ್ಟೂಲಿನ ಮೇಲೆ ಬೋರಲು ಸುರಿಯಿತು. ಮೊದಲು ಬಿದ್ದದ್ದು ಪುಸ್ತಕ. ಆಮೇಲೆ ಒಂದು ಸೊಟ್ಟ ಊಟದ ಡಬ್ಬಿ. ಅದು ನೆಲಕ್ಕುರುಳಿ ಮುಚ್ಚಳ ತೆರೆದು, ಬರಿಯ ಒಣ ಬ್ರೆಡ್ಡಿನ ಅಂಚುಗಳು, ಬೇರೆಯವರು ಕತ್ತರಿಸಿ ಬಿಸಾಕುವಂಥವು, ಎಲ್ಲರ ಕಾಲ ಬಳಿ ಚೆಲ್ಲಿದವು. ಆಮೇಲೆ ಹಳೇ ಪೇಪರಿನಲ್ಲಿ ಸುತ್ತಿದ ಪೊಟ್ಟಣ. ಅತ್ತೆ ಬಿಚ್ಚಿಯೇ ನೋಡಿದರು. ತಿಂಗಳ ಪ್ಯಾಡುಗಳು. ಹಿಂದಿನಿಂದ ಯಾವನೋ ಕಿಸಕ್ಕೆಂದ. ಕೊನೆಗೆ ಚೀಲದ ತಳದಿಂದ ಒಂದು ಉದ್ದನೆಯ ದಾರ, ತುದಿಗೆ ಕಟ್ಟಿದ ಕಬ್ಬಿಣದ ನಟ್ಟು.

“ಇದೇನಿದು?”

ಹುಡುಗಿ ಮಂಡಿಯೂರಿ ಬ್ರೆಡ್ಡಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿಕೊಂಡಳು, ಪೊಟ್ಟಣ ಸುತ್ತಿಕೊಂಡಳು, ದಾರವನ್ನು ಬೆರಳಿಗೆ ಸುತ್ತಿ ಒಳಗಿಟ್ಟಳು. ಅವಳ ಕಿವಿಗಳು ಕೆಂಪಗೆ ಉರಿಯುತ್ತಿದ್ದವು. ಯಾರ ಮುಖವನ್ನೂ ನೋಡದೆ ನಡೆದುಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

“ಅತ್ತೆ, ಏನ್ ಮಾಡ್ಬಿಟ್ಟೆ!” ಹೆಡ್ಡು ಕೂದಲು ಕಿತ್ತುಕೊಂಡ. “ಹತ್ತೊಂಬತ್ತಾಯ್ತು. ಮಕ್ಕಳನ್ನ ಉಳಿಸ್ಕೊಳ್ಳೋಕೆ ನಿನ್ನ ಕರ್ಕೊಂಡ್ ಬಂದ್ರೆ ನೀನೇ ಓಡಿಸ್ಬಿಟ್ಯಲ್ಲ!”

ಅತ್ತೆ ‘ಕಳ್ಳಿ ತಾನಾಗಿ ಹೋದಳು’ ಎಂದು ಬಾಯಲ್ಲಿ ಹೇಳಿದರು. ಆದರೆ ಒಳಗೆ ಏನೋ ಚುಚ್ಚುತ್ತಿತ್ತು. ಸಿಕ್ಕಿಬಿದ್ದವರು ಬೈಯುತ್ತಾರೆ, ಕಾಲು ಹಿಡಿಯುತ್ತಾರೆ, ದೊಡ್ಡವರ ಹೆಸರು ಹೇಳುತ್ತಾರೆ. ನೆಲದ ಮೇಲಿನ ಬ್ರೆಡ್ಡು ಆರಿಸಿಕೊಂಡು ಹೋದವರನ್ನು ಅವರು ಕಂಡಿರಲಿಲ್ಲ. ಕೊನೆಗೆ, ಆ ಪರದೆಯ ಹಿಂದೆ ಏನಿದೆ ನೋಡಿಯೇಬಿಡುತ್ತೇನೆ ಎಂದು ರಸ್ತೆ ದಾಟಿದರು. ಜೆರಾಕ್ಸಿನವನು ಈ ಸಲ ನಗಲಿಲ್ಲ.

“ನೀವೇನಾ ನನ್ನ ತಂಗಿ ಮಗಳ ಚೀಲ ಸುರಿದೋರು?”

ತಂಗಿ ಮಗಳು! ಅತ್ತೆ ಆದರೂ ಸೋಲದೆ, “ಒಳಗೇನಿದೆ?” ಎಂದು ಕೇಳಿದರು. ಮೀಸೆಯವನು ಪರದೆಯನ್ನು ಪೂರ್ತಿ ಸರಿಸಿ ತೋರಿಸಿದ. ಕಾಗದದ ಕಟ್ಟುಗಳ ನಡುವೆ ಒಂದು ಚಾಪೆ. ಚಾವಣಿಯ ಕೊಂಡಿಯಿಂದ ಇಳಿಬಿಟ್ಟ ದಾರ, ಅದರ ತುದಿಗೆ ನಟ್ಟು. ಚಾಪೆಯ ಮೇಲೆ ಹುಡುಗಿ ಕೂತು ಜೆರಾಕ್ಸ್ ಹಾಳೆಗಳಿಗೆ ಪಿನ್ನು ಹೊಡೆಯುತ್ತಿದ್ದಳು. ಅತ್ತೆಯನ್ನು ಕಂಡು ಎದ್ದು ನಿಂತಳು.

“ಲ್ಯಾಬಲ್ಲಿ ಉತ್ತರ ಸರಿ ಬರಲ್ಲ ಅಂತ ಇಲ್ಲಿ ಮಾಡಿ ನೋಡ್ತಿದ್ಲು,” ಅಂದ ಮಾವ. “ನನ್ನ ಕೈಗಡಿಯಾರ ಇಟ್ಕೊಂಡು. ಅದರಲ್ಲಿ ಮಾಡಿದ್ರೆ ಒಂಬತ್ತು ಪಾಯಿಂಟ್ ಎಂಟೇ ಬರುತ್ತೆ. ಅಲ್ಲಿ ಮಾಡಿದ್ರೆ ಹತ್ತು ಪಾಯಿಂಟ್ ಒಂದು. ನಾಲ್ಕನೇ ಮೇಜಿನ ಸ್ಟಾಪ್‌ವಾಚು ನಿಧಾನ ಓಡುತ್ತೆ, ಅಷ್ಟೇ ಕಥೆ.”

“ಹಾಗಾದ್ರೆ ಒಂಬತ್ತು ಪಾಯಿಂಟ್ ಎಂಟು ಅಂತ ಹೇಳಿ ಕೂತ್ಕೋಬಾರ್ದಾಗಿತ್ತಾ?” ಅತ್ತೆ ಹುಡುಗಿಯತ್ತ ತಿರುಗಿದರು.

“ಲ್ಯಾಬಲ್ಲಿ ನಂಗೆ ಬಂದಿದ್ದು ಅದಲ್ವಲ್ಲ ಅಜ್ಜಿ.”

“ಉಳಿದೋರಿಗೆಲ್ಲ ಬರುತ್ತಲ್ಲ?”

“ಎಷ್ಟೋ ಜನಕ್ಕೆ ಬರಲ್ಲ. ಅರ್ಧಕ್ಕರ್ಧ ವಾಚು ಕೆಟ್ಟಿವೆ. ಮೊದಲು ಎದ್ದೋನು ಪುಸ್ತಕದಲ್ಲಿರೋದು ಹೇಳ್ತಾನೆ, ಮಿಕ್ಕೋರು ಅದನ್ನೇ ಹೇಳ್ತಾರೆ. ಬಿಟ್ಟುಹೋದ ಇಬ್ಬರು ನನ್ನ ಹತ್ರ ಬಂದು ಅದನ್ನೇ ಅಂದ್ರು. ನೋಡದೇನೇ ಹೇಳೋದಾದ್ರೆ ಇಲ್ಲಿಗೆ ಯಾಕೆ ಬರ್ಬೇಕು, ಮನೇಲೇ ಹೇಳಬಹುದಲ್ವಾ ಅಂತ. ನಾನು ಇರ್ರೋ, ಸರ್‌ಗೆ ಇನ್ನೊಂದು ಸಲ ಹೇಳ್ತೀನಿ ಅಂದೆ. ಅವರು ಕಾಯಲಿಲ್ಲ.”

“ಇನ್ನೊಂದು ಸಲನಾ? ಅಂದ್ರೆ ಮೊದಲೇ ಹೇಳಿದ್ಯಾ?”

“ಎರಡು ಸಲ ಹೇಳಿದೀನಿ. ಸರ್ ‘ಮತ್ತೆ’ ಅಂದ್ರು.”

“ಸುಳ್ಳು,” ಅಂದರು ಅತ್ತೆ. “ನನ್ನ ಹುಡುಗ ಅಂಥೋನಲ್ಲ.”

ಹುಡುಗಿ ಪಿನ್ನಿನ ಮಿಷನ್ನು ಕೆಳಗಿಟ್ಟು, ಅತ್ತೆಯ ಮುಖವನ್ನು ನೆಟ್ಟಗೆ ನೋಡಿದಳು. ಅತ್ತೆ ಜೀವಮಾನವೆಲ್ಲ ಬೇರೆಯವರನ್ನು ನೋಡಿದ ರೀತಿಯಲ್ಲೇ ನೋಡಿದಳು.

“ಅಜ್ಜಿ, ನೀವೀಗ ಬಂದಿರೋದು ನನಗೋಸ್ಕರನಾ, ಇಪ್ಪತ್ತು ಆಗ್ಬೇಕು ಅಂತನಾ?”

ಅತ್ತೆ ನಿನಗೋಸ್ಕರವೇ ಕಣೇ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ಎರಡು ಕಣ್ಣುಗಳ ಮುಂದೆ ಅದು ಹೊರಗೆ ಬರಲಿಲ್ಲ.

“ಇಪ್ಪತ್ತಕ್ಕೇ ಬಂದೆ,” ಅಂದರು.

“ಹಾಗಾದ್ರೆ ಹೋಗಿ ಅಜ್ಜಿ. ಅದಕ್ಕೆ ನಾನ್ ಬರಲ್ಲ.”

ಅತ್ತೆ ರಸ್ತೆ ದಾಟಿ ವಾಪಸ್ಸು ಬಂದರು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನಾಲ್ಕನೇ ಮೇಜಿನ ಸ್ಟಾಪ್‌ವಾಚು ತೆಗೆದುಕೊಂಡು, ತಮ್ಮ ಕೈಗಡಿಯಾರದ ಪಕ್ಕ ಇಟ್ಟು, ಅದರ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದ ಕೂಡಲೇ ಚಾಲೂ ಮಾಡಿ ನೋಡುತ್ತಾ ನಿಂತರು. ದೇವರೇ, ಹುಡುಗಿಯೇ ಸುಳ್ಳಿಯಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು, ನಾಚಿಕೆಯಿಲ್ಲದೆ. ಕೈಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿದಾಗ ಸ್ಟಾಪ್‌ವಾಚಿನದು ಇನ್ನೂ ಹಿಂದಿತ್ತು. ಎರಡನೆಯ ಸುತ್ತಿಗೆ ಇನ್ನಷ್ಟು ಹಿಂದೆ ಬಿತ್ತು. ಬೇರೆ ಮೇಜುಗಳ ವಾಚುಗಳನ್ನೂ ನೋಡಿದರು. ಒಂದು ಓಡುತ್ತಲೇ ಇರಲಿಲ್ಲ. ಆ ಮೇಜಿನವನು ಹಿಂದಿನ ವಾರ ಎಲ್ಲರಿಗಿಂತ ಮೊದಲು ಎದ್ದು ನಿಂತು ಉತ್ತರ ಒಪ್ಪಿಸಿದ್ದ!

ಸ್ಟಾಪ್‌ವಾಚನ್ನು ಮುಷ್ಟಿಯಲ್ಲಿ ಹಿಡಿದು ಹೆಡ್ಡಿನ ಕೋಣೆಗೆ ಹೋದರು. ಬಾಗಿಲು ಹಾಕಿ ಚಿಲಕ ಜಡಿದರು.

“ಆ ಹುಡುಗಿ ಇದು ಕೆಟ್ಟಿದೆ ಅಂತ ನಿಂಗೆ ಹೇಳಿದ್ಲಾ?”

“ಯಾವ ಹುಡುಗಿ ಅತ್ತೆ?” ಅವನು ನಕ್ಕ. ರೆಪ್ಪೆ ಅದುರಿತು.

ಎಷ್ಟು ಸಾವಿರ ರೆಪ್ಪೆಗಳನ್ನು ನೋಡಿದ್ದರೋ ಅತ್ತೆ! ಕುರ್ಚಿ ಹಿಡಿದುಕೊಂಡು ಕೂತರು.

“ಲೋ. ಮಂಡಿ ನೋಯಿಸ್ಕೊಂಡಿರೋ ಬಡಪಾಯಿನ ಅನುಮಾನಿಸ್ದೆ. ಹೆಂಡತಿ ಹತ್ರ ಮಾತಾಡೋ ಮೇಷ್ಟ್ರನ್ನ ಅನುಮಾನಿಸ್ದೆ. ಒಂದು ಹೆಣ್ಣುಮಗೂನ ಹತ್ತು ಜನರ ಮುಂದೆ ಮರ್ಯಾದೆ ತೆಗ್ದೆ. ನಿನ್ನನ್ನ ಮಾತ್ರ ಕೇಳಲಿಲ್ಲ. ನನ್ನ ಕೈಯಾರೆ ಉಣ್ಸಿದ್ನಲ್ಲ, ಅದಕ್ಕೆ.”

“ಎಲ್ಲ ಕಡೆ ಹೀಗೇನೇ ಅತ್ತೆ. ಹೊಸ ವಾಚು ಕೇಳಿದ್ರೆ ಹಳೇವು ಯಾವಾಗ ಕೆಟ್ಟವು, ಇಷ್ಟು ದಿನ ಹೇಗೆ ಸರಿ ಉತ್ತರ ಬಂತು ಅಂತ ಕೇಳ್ತಾರೆ. ಏನಂತ ಹೇಳ್ಲಿ? ನಾವೂ ಹೀಗೇ ಒಪ್ಪಿಸ್ಕೊಂಡು ಬಂದೋರು.”

“ಸಿಕ್ಕಿಬಿದ್ಲು ಅಂತ ನಾನು ಬಂದಾಗ್ಲೇ ಅವಳದು ತಪ್ಪಿಲ್ಲ ಅಂತ ನಿಂಗೆ ಗೊತ್ತಿತ್ತು.”

ಅವನು ಪೆನ್ನಿನ ಮುಚ್ಚಳ ತಿರುಗಿಸತೊಡಗಿದ.

“ಗೊತ್ತಿದ್ದೂ ಬಿಟ್ಯಲ್ಲೋ, ಪಾಪಿ!” ಅತ್ತೆ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಮೇಜಿನ ಮೇಲೆ ಇಳಿಸಿದರು. ಎದ್ದು ಹೋಗುವಾಗ ಅತ್ತೆ ಹೇಳಿದ್ದು ಇಷ್ಟು: “ನಾಳೆ ನೀನು ನಾಲ್ಕನೇ ಮೇಜಲ್ಲಿ ನಿಂತು ಮಾಡ್ತೀಯ. ಇದೇ ವಾಚಲ್ಲಿ. ಎಲ್ಲರ ಮುಂದೆ ಎದ್ದು ನಿಂತು ಒಪ್ಪಿಸ್ತೀಯ. ಇಲ್ಲಾಂದ್ರೆ ಈ ಅತ್ತೆ ಸತ್ಳು ಅನ್ಕೋ.”

ಅವನು ಮಾಡಿದ. ಅದನ್ನು ಒಪ್ಪಬೇಕು, ಮಾಡಿದ. ಹತ್ತೊಂಬತ್ತು ಮಕ್ಕಳ ಎದುರಿಗೆ ಕೋಟು ಕಳಚಿ, ಗುಂಡು ತೂಗಿಬಿಟ್ಟು, ಲೆಕ್ಕ ಹಾಕಿ, ಬೆವರು ಒರೆಸಿಕೊಂಡು ನಿಂತು “ಹತ್ತು ಪಾಯಿಂಟ್ ಒಂದು” ಅಂದ. ಇನ್ನು ಮೇಲೆ ಎದ್ದು ನಿಂತು ಒಪ್ಪಿಸುವುದು ಬೇಡ, ಯಾರಿಗೆ ಎಷ್ಟು ಬಂತೋ ಅಷ್ಟೇ ಹೇಳಿ, ಯಾಕೆ ಹಾಗೆ ಬಂತು ಅಂತ ಎಲ್ಲರೂ ಕೂತು ಹುಡುಕೋಣ ಅಂದ. ಯಾವತ್ತೂ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬ ಕೈ ಎತ್ತಿ, “ಸರ್, ಹಾಗಾದ್ರೆ ನಮ್ಮ ಮೇಜಿನ ವಾಚು ಬಿಚ್ಚಿ ನೋಡಬಹುದಾ?” ಎಂದು ಕೇಳಿದ. ಆವತ್ತು ಮಕ್ಕಳು ಗಂಟೆ ಹೊಡೆದರೂ ಹೊರಗೆ ಬರಲಿಲ್ಲ. ಇವರು ಒಳಗೇನು ಮಾಡುತ್ತಿದ್ದಾರೆ ಎಂದು ಅತ್ತೆ ಅಭ್ಯಾಸಬಲದಿಂದ ಸಂಶಯಪಟ್ಟು ಇಣುಕಿದರು. ಜಗಳವಾಡುತ್ತಿದ್ದರು, ಯಾವ ವಾಚು ಹೆಚ್ಚು ಸುಳ್ಳು ಹೇಳುತ್ತದೆ ಎಂದು.

ಸುದ್ದಿ ರಸ್ತೆ ದಾಟಲು ಎಷ್ಟು ಹೊತ್ತು ಬೇಕು? ಮೂರನೆಯ ದಿನ ಕಾರಿಡಾರಿನ ತುದಿಯಲ್ಲಿ ಬಿಗಿದ ಜಡೆ ಕಾಣಿಸಿತು. ಅತ್ತೆಗೆ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಹುಡುಗಿ ನೇರ ಬಂದಳು. ಸ್ಟೂಲಿನ ಮುಂದೆ ನಿಂತು, ಚೀಲದ ಬಾಯಿ ತೆರೆದು ಅತ್ತೆಯ ಮುಂದೆ ಹಿಡಿದಳು.

“ಬೇಡ ಕಣೇ. ಹೋಗು ಒಳಗೆ.”

“ನೋಡಿ ಅಜ್ಜಿ.”

ಅತ್ತೆ ನೋಡಿದಂತೆ ಮಾಡಿದರು. ಹುಡುಗಿ ಚೀಲ ಮುಚ್ಚಿ ಒಳಗೆ ಹೋದಳು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ ಹಾಗೇ. ಮಕ್ಕಳು ಮತ್ತೆ ಇಪ್ಪತ್ತಾದರು, ಹೆಡ್ಡಿನ ಮುಖದಲ್ಲಿ ಕಳೆ ಬಂತು, ಆದರೆ ಅತ್ತೆ ಬೆಳಗಾದರೆ ಕಾರಿಡಾರಿನ ತುದಿಯನ್ನೇ ನೋಡುತ್ತಾ ಕೂರುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಉಗಿದಿದ್ದರೂ ಚೆನ್ನಾಗಿತ್ತು. ಈ ತೆರೆದ ಚೀಲವನ್ನು ಏನು ಮಾಡುವುದು? ಹುಡುಗಿ ಪ್ರತಿದಿನ ಬರುತ್ತಾಳೆ, ಆದರೆ ಎಷ್ಟು ದಿನ ಹೀಗೆ ಬಂದಾಳು? ನಾಳೆ ಬೇಸತ್ತು ನಿಂತುಬಿಟ್ಟರೆ? ಈ ಸಲ ಅತ್ತೆಗೆ ಭಯವಾದದ್ದು ಇಪ್ಪತ್ತಕ್ಕಲ್ಲ.

ಸೋಮವಾರ ಹುಡುಗಿ ಚೀಲ ತೆರೆಯುವ ಮೊದಲೇ ಅತ್ತೆ ಸ್ಟೂಲಿನಿಂದ ಇಳಿದರು. ತಮ್ಮ ಕಪ್ಪು ಚರ್ಮದ ಚೀಲವನ್ನು ಸ್ಟೂಲಿನ ಮೇಲಿಟ್ಟು, ಜಿಪ್ಪು ಎಳೆದರು.

“ಇವತ್ತು ನಂದು ನೋಡು.”

ಕಾರಿಡಾರು ನಿಂತಿತು. ಒಳಗೆ ಹೋಗುತ್ತಿದ್ದವರು ಹೊರಗೆ ಬಂದರು, ಹಿಂದಿನವರು ತುದಿಗಾಲಲ್ಲಿ ನಿಂತು ಇಣುಕಿದರು. ಹುಡುಗಿ ಒಂದು ಕ್ಷಣ ಅತ್ತೆಯನ್ನೇ ನೋಡಿದಳು. ಆಮೇಲೆ, ನಿಜವಾಗಿಯೂ ನೋಡಿದಳು. ಆತುರಪಡದೆ ಕನ್ನಡಕದ ಡಬ್ಬಿ ತೆಗೆದಿಟ್ಟಳು, ಬಾಚಣಿಗೆ ತೆಗೆದಿಟ್ಟಳು, ಮಾತ್ರೆಯ ಹಾಳೆ ತೆಗೆದಿಟ್ಟಳು. ಅತ್ತೆಯ ಕಿವಿ ಬಿಸಿಯಾಯಿತು. ಆಗ, ಅಯ್ಯೋ, ಆಗ ಅವರಿಗೆ ನೆನಪಾಯಿತು. ಚೀಲದ ತಳದಲ್ಲಿ ಶಾಲಿನ ಕೆಳಗೆ ಅದಿತ್ತು. ವಯಸ್ಸಾದ ಮೇಲೆ ಕೆಮ್ಮಿದರೆ, ಜೋರಾಗಿ ನಕ್ಕರೆ ಹಿಡಿತ ತಪ್ಪುತ್ತದಲ್ಲ, ಅದಕ್ಕೆಂದು ಇಟ್ಟುಕೊಂಡ ದಪ್ಪನೆಯ ಪ್ಯಾಡುಗಳು. ಅಣ್ಣನ ಮಗನಿಗೂ ಗೊತ್ತಿಲ್ಲದ ವಿಷಯ. ಅವನೂ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತಿದ್ದ. ಬೇಡ ಎಂದು ಚೀಲ ಕಿತ್ತುಕೊಳ್ಳಲು ಅತ್ತೆಯ ಕೈ ಮುಂದೆ ಬಂತು. ಅಲ್ಲೇ ನಿಂತಿತು. ಯಾವ ಮುಖ ಇಟ್ಟುಕೊಂಡು ಕಿತ್ತುಕೊಳ್ಳುವುದು?

ಹುಡುಗಿ ಶಾಲನ್ನು ಎತ್ತಿದಳು. ಕಂಡಳು. ಅತ್ತೆ ಕಣ್ಣು ಮುಚ್ಚಿಕೊಂಡರು.

“ಏನಿದೆಯೇ ಅದರಲ್ಲಿ?” ಹಿಂದಿನಿಂದ ಯಾರೋ ಕೇಳಿದರು. ಇನ್ಯಾರೋ ಕಿಸಕ್ಕೆಂದರು.

ಹುಡುಗಿ ಶಾಲನ್ನು ಮೊದಲಿನಂತೆ ಒಳಗೆ ಹಾಕಿ, ಅಂಚುಗಳನ್ನು ಬೆರಳಿನಿಂದ ಸುತ್ತಲೂ ಒತ್ತಿ ಮುಚ್ಚಿದಳು. ಮಾತ್ರೆ, ಬಾಚಣಿಗೆ, ಕನ್ನಡಕ ಒಂದೊಂದನ್ನೇ ಮೇಲಿಟ್ಟು ಜಿಪ್ಪು ಎಳೆದಳು. ಕೆಟ್ಟ ವಾಚು ತೋರಿಸಿದ್ದನ್ನೂ ಬದಲಿಸಿ ಹೇಳದೆ ವಾರವಾರ ಎಲ್ಲರ ನಗೆಗೆ ಗುರಿಯಾದ ಹುಡುಗಿ, ಎಲ್ಲರತ್ತ ತಿರುಗಿ, ಗಟ್ಟಿ ದನಿಯಲ್ಲಿ ಹೇಳಿದಳು:

“ಏನೂ ಇಲ್ಲ. ಬರೀ ಶಾಲು.”

ಚೀಲವನ್ನು ತಾನೇ ಎತ್ತಿ ಅತ್ತೆಯ ಹೆಗಲಿಗೆ ಹಾಕಿ, ಲ್ಯಾಬಿನೊಳಗೆ ಹೋದಳು.